ಹೆಲ್ಕಾ ನಿಲ್ಲಿಸಿದ ಮಾತ್ರೆ

ಮಗಳು ಬಸುರಿ ಅನ್ನುವುದು ಇರ್ಯಾಳಿಗೆ ತಿಳಿದದ್ದು ಒಂದು ಬಿಳಿ ಮಾತ್ರೆ ಕಾಣದೆ ಹೋದದ್ದರಿಂದ.

ಸೆಪ್ಟೆಂಬರಿನ ಭಾನುವಾರ. ಮೇಜಿನ ಮೇಲೆ ಸಬ್ಬಸಿಗೆ ಉದುರಿಸಿದ ಮೀನಿನ ಸಾರು, ರೈ ಧಾನ್ಯದ ರೊಟ್ಟಿ, ಬೆಣ್ಣೆ. ಒಂದು ತುದಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಲೆಂಪಿ, ಇನ್ನೊಂದು ತುದಿಯಲ್ಲಿ ಅವಳ ಸೊಸೆ ಇರ್ಯಾ. ನಡುವೆ ಇರ್ಯಾಳ ಮಗಳು ಹೆಲ್ಕಾ, ಅಳಿಯ ಓಸ್ಮೋ. ಊಟಕ್ಕೆ ಮೊದಲು ಹೆಲ್ಕಾ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗುವುದು ವಾಡಿಕೆ. ಆವತ್ತು ಅಂಗೈಯಲ್ಲಿ ಒಂದು ಕಡಿಮೆ ಇತ್ತು.

"ಆ ಮಾತ್ರೆ ಎಲ್ಲಿ?" ಇರ್ಯಾ ಕೇಳಿದಳು.

"ಯಾವುದು?"

"ನನ್ ಹತ್ರ ಆಟ ಆಡ್ಬೇಡ. ಕಿಡ್ನಿದು."

"ನಿಲ್ಸಿದೀನಿ."

"ಯಾರನ್ನ ಕೇಳಿ?"

"ಡಾಕ್ಟರನ್ನ ಕೇಳಿ."

ಇರ್ಯಾ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ಅದೇ ಮಾತ್ರೆಯನ್ನು ಅವಳ ಗಂಡ ತೌನೊ ವರ್ಷಾನುಗಟ್ಟಲೆ ನುಂಗಿದ್ದ. ಹೊಟ್ಟೆಯಲ್ಲಿ ಮಗು ಇದ್ದರೆ ಅದನ್ನು ತೆಗೆದುಕೊಳ್ಳಬಾರದು ಅನ್ನುವುದು ಡಬ್ಬಿಯೊಳಗಿನ ಚೀಟಿ ಓದಿ ಅವಳಿಗೆ ಗೊತ್ತಿತ್ತು.

"ಎಷ್ಟು ತಿಂಗಳು?"

"ಎರಡು."

ಓಸ್ಮೋ ಆಗಲೇ ಬೆಣ್ಣೆ ಸವರಿದ್ದ ರೊಟ್ಟಿಗೆ ಮತ್ತೆ ಬೆಣ್ಣೆ ಸವರತೊಡಗಿದ. ಲೆಂಪಿ ಒಬ್ಬರ ಮುಖವನ್ನೂ ನೋಡದೆ, "ಸಾರು ಆರ್ತಿದೆ" ಅಂದಳು.

ಹೆಲ್ಕಾಳಿಗೆ ಸಕ್ಕರೆ ಕಾಯಿಲೆ ಬಂದದ್ದು ಶಾಲೆಗೆ ಸೇರುವ ಮೊದಲೇ. ಆ ಊರಲ್ಲಿ ಅದು ಹೊಸದೇನಲ್ಲ. ತರಗತಿಗೊಂದು ಅಂಥ ಮಗು ಇರುತ್ತಿತ್ತು. ಅವಳ ಮನೆಯಲ್ಲಂತೂ ಅಪ್ಪನಿಗೂ ಅದೇ ಇತ್ತು. ತೌನೊನ ಕಿಡ್ನಿ ಎರಡೂ ಕೆಟ್ಟವು. ಕೊನೆಗಾಲದ ವರ್ಷಗಳಲ್ಲಿ ಇರ್ಯಾ ಅವನನ್ನು ಕೂರಿಸಿಕೊಂಡು ತಮ್ಮೂರು ರೌತವಾರದಿಂದ ಕುವೋಪಿಯೊ ಪಟ್ಟಣದ ಆಸ್ಪತ್ರೆಗೆ, ಡಯಾಲಿಸಿಸ್ಸಿಗೆ, ಕಾರು ಓಡಿಸಿದ್ದೇ ಓಡಿಸಿದ್ದು. ಅವನು ಸತ್ತ ಮೇಲೆ, ದಾರಿ ಹೇಗೂ ಬಾಯಿಪಾಠವಾಗಿತ್ತು, ಟ್ಯಾಕ್ಸಿ ಲೈಸೆನ್ಸು ಮಾಡಿಸಿಕೊಂಡಳು. ಈಗ ಸುತ್ತಲಿನ ಊರುಗಳ ಕಾಯಿಲೆಯವರನ್ನು ಅದೇ ದಾರಿಯಲ್ಲಿ ಕರೆದೊಯ್ಯುವುದು ಅವಳ ಕೆಲಸ. ಹೆಲ್ಕಾ ಕಾಡಿನಲ್ಲಿ ಮರ ಕಡಿಯುವ ಯಂತ್ರ ಓಡಿಸುತ್ತಿದ್ದಳು. ಓಸ್ಮೋ ಶಾಲೆಯಲ್ಲಿ ಮರಗೆಲಸದ ಮೇಷ್ಟ್ರು. ಹೆಲ್ಕಾಳ ಕಿಡ್ನಿಯೂ ಮೂತ್ರಕ್ಕೆ ಪ್ರೋಟೀನು ಸೋರಿಸತೊಡಗಿ ಆಗ ಐದಾರು ವರ್ಷವಾಗಿತ್ತು.

"ನಮಗೆ ಯಾಕೆ ಹೇಳ್ಲಿಲ್ಲ?" ಇರ್ಯಾ ಕೇಳಿದಳು.

"ಹೇಳಿದ್ರೆ ಬೇಡ ಅಂತಿದ್ದೆ."

"ಡಾಕ್ಟರು ಏನಂದ್ರು?"

"ಕಷ್ಟ ಅಂದ್ರು. ಮಗು ಬೇಗ ಹುಟ್ಟಬಹುದು, ಚಿಕ್ಕದಾಗಬಹುದು. ನನ್ನ ಕಿಡ್ನಿ ಇನ್ನೂ ಇಳೀಬಹುದು, ಇಳಿದದ್ದು ವಾಪಸ್ ಬರದೇ ಇರಬಹುದು. ಎಲ್ಲಾ ಹೇಳಿದ್ರು. ಒಂದು ವರ್ಷ ಸಕ್ಕರೆನ ಹದಕ್ಕೆ ತಂದು ತೋರ್ಸು, ಆಮೇಲೆ ನೋಡೋಣ ಅಂದ್ರು. ತಂದು ತೋರ್ಸಿದೆ."

"ಅವರ ಕಿಡ್ನಿನಾ ಹೋಗೋದು? ಹೇಳ್ತಾರೆ."

"ನನ್ನದು ಹೋಗೋದು. ಅದಕ್ಕೇ ನಾನೇ ತೀರ್ಮಾನ ಮಾಡಿದೆ."

ಇರ್ಯಾ ಎದ್ದಳು. ಕುರ್ಚಿ ನೆಲಕ್ಕೆ ಉಜ್ಜಿ ಕಿರುಗುಟ್ಟಿತು.

"ಕೇಳಿಸ್ಕೋ ಹೆಲ್ಕಾ. ನಿನ್ನ ಕಿಡ್ನಿ ನಿಂತ ದಿನ ನನ್ನದೊಂದು ಕೊಡ್ತೀನಿ ಅಂತ ನಿಮ್ಮಪ್ಪ ಸತ್ತಾಗ ಹೇಳಿದ್ನಲ್ಲ. ಅದು ಕಾಯಿಲೆ ಬಂದು ಕೆಟ್ಟ ಕಿಡ್ನಿಗೆ. ನೀನಾಗೇ ಹಾಳು ಮಾಡ್ಕೊಂಡಿದ್ದಕ್ಕಲ್ಲ. ಇದನ್ನ ಮುಂದುವರಿಸಿದ್ರೆ ನಾನು ಕೊಡಲ್ಲ."

"ಕೊಡ್ಬೇಡ. ನಾನು ಕೇಳೋದೂ ಇಲ್ಲ."

ಮೀನಿನ ಸಾರನ್ನು ಆವತ್ತು ಪೂರ್ತಿ ತಿಂದವಳು ಲೆಂಪಿ ಒಬ್ಬಳೇ.

ಆಮೇಲೆ ತಾಯಿ ಮಗಳ ಮಾತು ನಿಂತಿತು. ಮನೆ ಒಂದೇ, ಒಲೆ ಒಂದೇ. ಗಂಡ ಹೆಂಡತಿ ಮೇಲ್ಮಹಡಿಯಲ್ಲಿ ಮಲಗುತ್ತಿದ್ದರೂ ಊಟ, ಸೌನಾದ ಹಬೆಸ್ನಾನ, ಬಟ್ಟೆ ಒಗೆಯುವುದು ಎಲ್ಲಾ ಕೆಳಗೇ. ಹಾಗಾಗಿ ಮಾತೆಲ್ಲ ಅಜ್ಜಿಯ ಮೂಲಕ ಹಾದುಹೋಗಬೇಕಾಯಿತು.

"ಅತ್ತೆ, ನಿಮ್ಮ ಮೊಮ್ಮಗಳಿಗೆ ಹೇಳಿ, ಶನಿವಾರ ಆಲೂಗಡ್ಡೆ ಅಗೆಯೋದಿದೆ ಅಂತ. ಮಂಜು ಬಿದ್ರೆ ಎಲ್ಲಾ ಹೋಗತ್ತೆ."

"ಅಜ್ಜಿ, ನಿನ್ನ ಸೊಸೆಗೆ ಹೇಳು, ನನಗೂ ಕ್ಯಾಲೆಂಡರ್ ನೋಡೋಕೆ ಬರತ್ತೆ ಅಂತ."

"ಈ ವಯಸ್ಸಲ್ಲಿ ನನ್ನ ಪೋಸ್ಟ್ ಮ್ಯಾನ್ ಮಾಡಿದ್ರಲ್ಲ," ಎಂದು ಲೆಂಪಿ ಓಸ್ಮೋನ ಹತ್ತಿರ ಗೊಣಗಿದಳು. "ಸಂಬಳ ಯಾರು ಕೊಡ್ತೀರಿ?"

ಶನಿವಾರ ನಾಲ್ವರೂ ಸಾಲಾಗಿ ಬಗ್ಗಿದರು. ಓಸ್ಮೋ ಅಗೆಯುವುದು, ಹೆಂಗಸರು ಆಯುವುದು. ಸಾಲಿನ ಅರ್ಧಕ್ಕೆ ಬರುವಷ್ಟರಲ್ಲಿ ಹೆಲ್ಕಾ ಬುಟ್ಟಿಗೆ ಹಾಕಬೇಕಾದ ಗಡ್ಡೆಗಳನ್ನು ಬುಟ್ಟಿಯ ಪಕ್ಕಕ್ಕೆ ಹಾಕತೊಡಗಿದಳು. ಒಂದು, ಇನ್ನೊಂದು. ಹಣೆಯ ಮೇಲೆ ಬೆವರು. ಜೇಬಿನಲ್ಲಿದ್ದ ಫೋನು ಕೂಗುತ್ತಿತ್ತು. ತೋಳಿಗೆ ಅಂಟಿಸಿದ್ದ, ರಕ್ತದ ಸಕ್ಕರೆ ಅಳೆಯುವ ಬಿಲ್ಲೆ ಅದರ ಮೂಲಕ ಸಕ್ಕರೆ ಇಳಿದಿದೆ ಎಂದು ಸಾರುತ್ತಿತ್ತು. ಬಸಿರಿನ ಮೊದಲ ತಿಂಗಳುಗಳಲ್ಲಿ ಹೀಗೆ ಏಕಾಏಕಿ ಕುಸಿಯುತ್ತದೆ ಎಂದು ಡಾಕ್ಟರರು ಎಚ್ಚರಿಸಿದ್ದರು. ಇರ್ಯಾ ಓಸ್ಮೋನನ್ನೂ ಅಜ್ಜಿಯನ್ನೂ ದಾಟಿ ಬಂದು ಮಗಳ ಗದ್ದ ಹಿಡಿದು ತನ್ನ ಜೇಬಿನಲ್ಲಿದ್ದ ಜ್ಯೂಸಿನ ಪೊಟ್ಟಣವನ್ನು ಬಾಯಿಗೆ ಒತ್ತಿದಳು. ಹೆಲ್ಕಾ ಕುಡಿದಳು. ಕಣ್ಣು ತಿಳಿಯಾದ ಮೇಲೆ ತಾಯಿಯ ಮುಖ ನೋಡಿದಳು.

"ಹೇಳ್ಬೇಡ," ಅಂದಳು.

"ನಾನೇನೂ ಹೇಳಿಲ್ಲ."

"ಮುಖದಲ್ಲಿ ಹೇಳ್ತಿದೀಯ."

ಇರ್ಯಾ ಬುಟ್ಟಿಯ ಪಕ್ಕ ಬಿದ್ದಿದ್ದ ಗಡ್ಡೆಗಳನ್ನು ಬುಟ್ಟಿಗೆ ಹಾಕಿ ತನ್ನ ಸಾಲಿಗೆ ಹೋದಳು.

ಮಗಳ ಹತ್ತಿರ ಆಡಲಾಗದ ಮಾತನ್ನು ಅವಳು ಸೌದೆ ಕೊಟ್ಟಿಗೆಯಲ್ಲಿ ಅಳಿಯನ ಹತ್ತಿರ ಆಡಿದಳು. ಓಸ್ಮೋ ಸೌದೆ ಸೀಳುತ್ತಿದ್ದ. ಇರ್ಯಾ ಜೋಡಿಸುತ್ತಿದ್ದಳು.

"ನಿನ್ ಮಾತು ಕೇಳ್ತಾಳೆ. ಇನ್ನೂ ತಡ ಆಗಿಲ್ಲ. ಹೇಳು ಅವಳಿಗೆ."

"ಅವಳ ಮೈ, ಅತ್ತೆ."

"ಅವಳ ಮೈ ಮಲಗಿದ್ರೆ ನೋಡ್ಕೊಳ್ಳೋನು ಯಾರು? ನೀನು. ನಾನು ಮಾಡಿದ್ದು ನೀನೂ ಮಾಡ್ಬೇಕಾಗತ್ತೆ, ಮಗುನ ಕಂಕುಳಲ್ಲಿ ಇಟ್ಕೊಂಡು. ಹೆದ್ರಿಕೆ ಆಗಲ್ವಾ ನಿಂಗೆ?"

ಓಸ್ಮೋ ಕೊಡಲಿಯನ್ನು ಮರದ ದಿಮ್ಮಿಗೆ ಊರಿದ. ಹೆದರಿಕೆ ಆಗುತ್ತಿತ್ತು. ಆವತ್ತು ಸಂಜೆ ಪಾತ್ರೆ ಒರೆಸುತ್ತಾ ಅವನು ಹೆಂಡತಿಗೆ, "ಮತ್ತೊಂದ್ಸಲ ಯೋಚ್ನೆ ಮಾಡೋಣ್ವಾ?" ಅಂದ.

ಹೆಲ್ಕಾ ತೊಳೆಯುತ್ತಿದ್ದ ತಟ್ಟೆಯನ್ನು ನೀರಿಗೆ ಬಿಟ್ಟಳು. "ಇದು ಯಾರ ಮಾತು?"

"ನನ್ ಮಾತೇ."

"ನಿನ್ ಮಾತಿಗೆ ಅಮ್ಮನ ವಾಸನೆ ಬರ್ತಿದೆ."

"ಯಾರದಾದ್ರೇನು. ನೀನು ಇಲ್ದೇ ಹೋದ್ರೆ ನಾನೇನು ಮಾಡ್ಲಿ?"

"ನಾನು ಇರೋವಾಗ ಏನ್ ಮಾಡ್ತೀಯ ಅದನ್ನ ಹೇಳು ಮೊದಲು."

ಅವಳು ದಿಂಬು ಎತ್ತಿಕೊಂಡು ಅಜ್ಜಿಯ ಕೋಣೆಗೆ ಹೋದಳು. ಲೆಂಪಿ ಗೋಡೆಯ ಕಡೆ ಸರಿದು ಜಾಗ ಕೊಟ್ಟು, "ಗೊರಕೆ ಹೊಡೀತೀಯಾ?" ಎಂದು ಕೇಳಿದಳು. "ಹೊಡೀತೀನಿ" ಅಂದಳು ಹೆಲ್ಕಾ. "ಸರಿ, ನಾನೂ ಹೊಡೀತೀನಿ."

ವಾರವೊಂದು ಹಾಗೇ ಕಳೆಯಿತು. ಒಂದು ಬೆಳಿಗ್ಗೆ ಗಂಜಿಯ ಪಾತ್ರೆಯ ಮುಂದೆ ಲೆಂಪಿ ಸೊಸೆಯನ್ನು ನೇರವಾಗಿಯೇ ಕೇಳಿದಳು. "ಇರ್ಯಾ, ನನ್ ಮಗನ್ನ ಮದುವೆ ಆಗ್ಬೇಡ, ಅವನು ಬಾಳೋನಲ್ಲ ಅಂತ ನಿಮ್ಮಪ್ಪ ಇಲ್ಲೇ ಕೂತು ಹೇಳಿದ್ರು. ನೀನು ಕೇಳಿದ್ಯಾ?"

"ಕೇಳ್ಲಿಲ್ಲ."

"ಮತ್ತೆ?"

"ಮತ್ತೆ ಏನು ಅತ್ತೆ? ನಾನು ಕೇಳ್ಲಿಲ್ಲ, ಅದರ ಬೆಲೆ ಏನು ಅಂತ ನಂಗೊಬ್ಳಿಗೇ ಗೊತ್ತು. ಗೊತ್ತಿರೋಳು ಹೇಳ್ದೆ ಇನ್ಯಾರು ಹೇಳ್ಬೇಕು?"

ಲೆಂಪಿ ಗಂಜಿಗೆ ಬೆಣ್ಣೆ ಹಾಕಿಕೊಂಡಳು.

ಭಾನುವಾರ ಓಸ್ಮೋ ಅಜ್ಜಿಯ ಕೋಣೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಹೆಲ್ಕಾಳ ಇನ್ಸುಲಿನ್ ಪಂಪಿನ ಹೊಸ ಕೊಳವೆಗಳ ಪೆಟ್ಟಿಗೆ. ಅದನ್ನು ಬದಲಾಯಿಸುವುದು ಹೇಗೆ ಎಂದು ಅವನು ಅದುವರೆಗೆ ಕಲಿತಿರಲೇ ಇಲ್ಲ.

"ನಂಗೆ ಹೆದ್ರಿಕೆ ಆಗತ್ತೆ," ಅಂದ.

"ನಂಗೂ ಆಗತ್ತೆ. ಹೆದರ್ಕೋ, ಬೇಡ ಅನ್ನಲ್ಲ. ಆದ್ರೆ ನನ್ನ ಕಡೆ ನಿಂತ್ಕೊಂಡು ಹೆದರ್ಕೋ."

ಲೆಂಪಿ ಗೋಡೆಯ ಕಡೆಯಿಂದ, "ದಿಂಬು ತಗೊಂಡು ಹೋಗೇ, ನಂಗೂ ನಿದ್ದೆ ಬೇಕು" ಅಂದಳು.

ಹಿಮ ಬಿದ್ದ ಮೇಲೆ ಮೈ ಭಾರವಾಯಿತು. ಕಿಡ್ನಿ ಸೋರಿಸಿದ ಪ್ರೋಟೀನೆಲ್ಲ ಮೂತ್ರದಲ್ಲಿ ಹೋಗಿ ನೀರು ಕಾಲಿನಲ್ಲಿ ನಿಂತಿತು. ಕಾಡಿನ ಬೂಟು ಏರದಾಯಿತು. ಕಂಟ್ರಾಕ್ಟರನಿಗೆ ಯಂತ್ರದ ಕೀಲಿ ಒಪ್ಪಿಸಿ ಬಂದ ದಿನ ಹೆಲ್ಕಾ ಓಸ್ಮೋನ ಉಣ್ಣೆಯ ಚಪ್ಪಲಿಯಲ್ಲಿ ಅಂಗಳ ದಾಟಿದಳು. ಮೊದಲು ಕುಸಿಯುತ್ತಿದ್ದ ಸಕ್ಕರೆ ಈಗ ಏರುತ್ತಿತ್ತು. ಇನ್ಸುಲಿನ್ನು ದುಪ್ಪಟ್ಟಾಯಿತು. ಬಿಪಿಗೆ ಬಸುರಿಯರಿಗೆ ಕೊಡುವ ಬೇರೆ ಮಾತ್ರೆ ಬಂತು. ಉಪ್ಪು ಕಡಿಮೆ ಮಾಡಬೇಕಿತ್ತು. ಓಸ್ಮೋ ಉಪ್ಪಿಲ್ಲದ ರೊಟ್ಟಿ ಸುಟ್ಟ. ಲೆಂಪಿ ಒಂದು ತುಂಡು ಕಚ್ಚಿ, "ಇದನ್ನೇ ಸುತ್ತಿಗೆ ಮಾಡ್ಕೊಂಡು ಬಾಗಿಲಿಗೆ ಮೊಳೆ ಹೊಡೀಬಹುದು" ಅಂದಳು. ಆದರೂ ತಿಂದಳು. ಮನೆಯಲ್ಲಿ ಒಬ್ಬಳಿಗೆ ಉಪ್ಪು ಬೇಡವಾದರೆ ಎಲ್ಲರಿಗೂ ಬೇಡ ಅನ್ನುವುದು ಅವಳದೇ ಕಟ್ಟಪ್ಪಣೆ.

ವಾರಕ್ಕೊಮ್ಮೆ ಕುವೋಪಿಯೊಗೆ ಹೋಗಬೇಕಾಯಿತು. ಓಸ್ಮೋನಿಗೆ ಶಾಲೆ. ಟ್ಯಾಕ್ಸಿಗೆ ಫೋನು ಮಾಡಿದರೆ ಬರುತ್ತಿದ್ದದ್ದು ಯಾರದೋ ಕಾರು. ಡಿಸೆಂಬರಿನ ಒಂದು ಬೆಳಿಗ್ಗೆ ಅಂಗಳದಲ್ಲಿ ಬಂದು ನಿಂತದ್ದು ಇರ್ಯಾಳ ಕಾರು. ಮುಂದಿನ ಸೀಟಿನಲ್ಲಿ ಆಗಲೇ ಒಬ್ಬರು ಕೂತಿದ್ದರು. ಕೆರೆಯಾಚೆಯ ಎಸ್ಕೋ, ಡಯಾಲಿಸಿಸ್ಸಿನವನು. ಮುಖ ಬೂದಿ ಬಣ್ಣ, ತೋಳಿನಲ್ಲಿ ಹುರಿಹುರಿಯಾಗಿ ಎದ್ದ ರಕ್ತನಾಳ.

"ನೀನೇ ಕೇಳ್ಕೊಂಡು ಹಾಕಿಸ್ಕೊಂಡಿದ್ದಾ ಈ ಪಾಳಿನ?" ಹೆಲ್ಕಾ ಹಿಂದೆ ಕೂರುತ್ತಾ ಕೇಳಿದಳು. ಆಲೂಗಡ್ಡೆ ಅಗೆದ ದಿನದ ಮೇಲೆ ತಾಯಿಗೆ ನೇರವಾಗಿ ಆಡಿದ ಮೊದಲ ಮಾತು.

"ಬೆಲ್ಟ್ ಹಾಕ್ಕೋ," ಅಂದಳು ಇರ್ಯಾ.

ಸಂಜೆ ವಾಪಸು ಬರುವಾಗ ಎಸ್ಕೋನ ತಲೆ ಕಿಟಕಿಗೆ ಒರಗಿ ತೂಗುತ್ತಿತ್ತು. ಇರ್ಯಾ ಕನ್ನಡಿಯಲ್ಲಿ ಮಗಳನ್ನೇ ನೋಡುತ್ತಿದ್ದಳು. ನೋಡು, ಚೆನ್ನಾಗಿ ನೋಡು ಅನ್ನುವ ಹಾಗೆ.

ಹೆಲ್ಕಾ ಮುಂದಕ್ಕೆ ಬಗ್ಗಿದಳು. "ಎಸ್ಕೋ ಮಾವ, ಹೇಗಿರತ್ತೆ ಅದು?"

ಅವನು ಕಣ್ಣು ಬಿಟ್ಟ. "ಬೋರು. ಪಕ್ಕದ ಮಂಚದೋನು ಇಡೀ ಹೊತ್ತು ಟೀವೀಲಿ ಕುದುರೆ ರೇಸ್ ಹಾಕಿರ್ತಾನೆ. ಕಾಫಿನ ಬೆರಳಷ್ಟು ಲೋಟದಲ್ಲಿ ಕೊಡ್ತಾರೆ. ಹೆಚ್ಚು ಕುಡಿಯೋ ಹಾಗಿಲ್ಲ, ಬಾಯಾರಿಕೆ ಅಂದ್ರೆ ಬಾಯಾರಿಕೆ."

"ಮಿಕ್ಕ ದಿನ?"

"ಮಿಕ್ಕ ದಿನ ಮಂಜುಗಡ್ಡೆ ಕೊರೆದು ಮೀನು ಹಿಡೀತೀನಿ. ನಿನ್ನೆ ಒಂದು ಮೀನು ಸಿಕ್ತು ನೋಡು, ಇಷ್ಟುದ್ದ." ಅವನು ಚಾಚಿದ ಕೈ ಒಂದು ಕಡೆ ಕಿಟಕಿಗೂ ಇನ್ನೊಂದು ಕಡೆ ಇರ್ಯಾಳ ಭುಜಕ್ಕೂ ತಾಗಿತು. ಹೆಲ್ಕಾ ನಕ್ಕಳು. ಇರ್ಯಾ ದವಡೆ ಬಿಗಿದುಕೊಂಡಳು.

ಎಸ್ಕೋನನ್ನು ಅವನ ಬಾಗಿಲಲ್ಲಿ ಇಳಿಸಿದ ಮೇಲೆ ಕಾರು ಹಿಮದ ದಾರಿಯಲ್ಲಿ ನಿಧಾನಕ್ಕೆ ಸಾಗಿತು.

"ನನ್ನ ಹೆದರ್ಸೋಕೆ ಇವರನ್ನ ಕೂರಿಸ್ಕೊಂಡ್ಯಲ್ಲಮ್ಮ," ಹೆಲ್ಕಾ ಅಂದಳು. "ಅಪ್ಪನ್ನ ಕರ್ಕೊಂಡು ಹೋಗ್ತಿದ್ದಾಗ ಹಿಂದಿನ ಸೀಟಲ್ಲಿ ಯಾರಿದ್ರು? ಶಾಲೆ ಬಿಟ್ಟು ಯಾರು ಬರ್ತಿದ್ರು? ಅವನು ಕವರಿಗೆ ವಾಂತಿ ಮಾಡ್ಕೊಳ್ವಾಗ ಕವರು ಹಿಡ್ಕೊಂಡೋಳು ನಾನು. ನೀನು ರಸ್ತೆ ನೋಡ್ತಿದ್ದೆ. ಅವನನ್ನ ನೋಡ್ತಿದ್ದೋಳು ನಾನು. ನಂಗೆ ಏನು ಕಾದಿದೆ ಅಂತ ಹದಿನಾಲ್ಕನೇ ವಯಸ್ಸಿಗೇ ಗೊತ್ತು. ಗೊತ್ತಿಟ್ಕೊಂಡೇ ಬೇಕು ಅಂದಿದೀನಿ."

ಇರ್ಯಾ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ವೈಪರು ಎರಡು ಸಲ ಆಡಿ ನಿಂತಿತು.

"ನನ್ನದು ಆಗಲ್ಲ," ಅಂದಳು.

"ಏನು ಆಗಲ್ಲ?"

"ಕಿಡ್ನಿ. ಹೋದ ವರ್ಷವೇ ಹೋಗಿ ಪರೀಕ್ಷೆ ಮಾಡಿಸ್ದೆ. ಒಂದು ಹುಟ್ಟಿದಾಗ್ಲಿಂದ್ಲೇ ಸುಕ್ಕಿಕೊಂಡಿದೆಯಂತೆ. ಇರೋದೊಂದರ ಮೇಲೇ ಬದುಕಿದೀನಂತೆ. ಕೊಡೋ ಹಾಗಿಲ್ಲ ಅಂದ್ರು."

"ಮತ್ತೆ ಕೊಡಲ್ಲ ಅಂತ ಯಾಕೆ ಕೂಗಾಡ್ದೆ?"

"ಕೊಡಕ್ಕಾಗಲ್ಲ ಅನ್ನೋದಕ್ಕಿಂತ ಕೊಡಲ್ಲ ಅನ್ನೋದು ಸುಲಭ ಇತ್ತು."

ಹೆಲ್ಕಾ ಹಿಂದಿನ ಬಾಗಿಲು ತೆರೆದು ಇಳಿದು, ಉಣ್ಣೆಯ ಚಪ್ಪಲಿಯಲ್ಲೇ ಹಿಮ ತುಳಿದು ಬಂದು ಮುಂದಿನ ಸೀಟಿನಲ್ಲಿ ಕೂತಳು.

"ಎಲ್ಲಾರ ಹಾಗೆ ನಾನೂ ಸರದಿಯಲ್ಲಿ ನಿಂತ್ರಾಯ್ತು," ಅಂದಳು. "ಎಸ್ಕೋ ಮಾವನ ಪಕ್ಕದ ಮಂಚ ಕೇಳ್ತೀನಿ. ಕುದುರೆ ರೇಸ್ ನೋಡೋನನ್ನ ನಾನು ಸರಿ ಮಾಡ್ತೀನಿ. ಆದ್ರೆ ಇದನ್ನ ಹೆರ್ತೀನಿ ಅಮ್ಮ. ನೀನು ಕೋಪ ಮಾಡ್ಕೋ, ಮಾತು ಬಿಡು, ಆದ್ರೆ ಇನ್ನೊಂದ್ಸಲ ನನ್ನ ಬೆನ್ನ ಹಿಂದೆ ಓಸ್ಮೋನ ಕಿವಿ ಊದ್ಬೇಡ."

"ಊದಲ್ಲ."

"ಕಾರು ತೆಗಿ ಹಾಗಾದ್ರೆ. ಕಾಲು ತಣ್ಣಗಾಗಿದೆ."

ಅಂದಿನಿಂದ ಇರ್ಯಾ ಮಾತಾಡತೊಡಗಿದಳು. ಒಪ್ಪಿದಳೆಂದಲ್ಲ. ಬಡಿಸುವಾಗಲೂ ಬೈಯುತ್ತಿದ್ದಳು, ಊದಿದ ಕಾಲಿಗೆ ದಿಂಬು ಇಡುವಾಗಲೂ ಬೈಯುತ್ತಿದ್ದಳು. ಆಸ್ಪತ್ರೆಯ ದಾರಿಗೆ ಮಾತ್ರ ಬೇರೆ ಯಾರ ಕಾರನ್ನೂ ಬರಗೊಡಲಿಲ್ಲ.

ಫೆಬ್ರವರಿಯ ಕೊನೆಗೆ ಹೆಲ್ಕಾಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಬಿಪಿ ಮಾತ್ರೆಗಳಿಗೆ ಬಗ್ಗುತ್ತಿರಲಿಲ್ಲ. ಮಗುವಿನ ಶ್ವಾಸಕೋಶ ಬಲಿಯಲೆಂದು ಚುಚ್ಚಿದ ಮದ್ದಿಗೆ ಸಕ್ಕರೆ ಹುಚ್ಚೆದ್ದು ಏರಿತು. ಅವಳು ಹಾಸಿಗೆಯಲ್ಲಿ ಪಂಪಿನ ಗುಂಡಿ ಒತ್ತುತ್ತಾ, ನರ್ಸುಗಳ ಜೊತೆ ವಾದಿಸುತ್ತಾ ಅದನ್ನು ಕೆಳಗಿಳಿಸಿದಳು. ಡಾಕ್ಟರ್ ಹೆಂಗಸು ಪ್ರತಿ ಬೆಳಿಗ್ಗೆ ಬಂದು, "ಇನ್ನೊಂದು ದಿನ ತಳ್ಳೋಣವಾ?" ಎಂದು ಕೇಳುತ್ತಿದ್ದಳು. "ತಳ್ಳೋಣ" ಅನ್ನುತ್ತಿದ್ದಳು ಹೆಲ್ಕಾ. ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ತಲೆ ಸಿಡಿಯತೊಡಗಿತು, ಕಣ್ಣ ಮುಂದೆ ಮಿಂಚು ಹುಳುಗಳು ಹಾರಿದವು. ಡಾಕ್ಟರ್ ಆವತ್ತು ಕೇಳಲಿಲ್ಲ. ಮಂಚವನ್ನು ನೇರವಾಗಿ ಆಪರೇಷನ್ ಕೋಣೆಗೆ ತಳ್ಳಿಸಿದಳು.

ಹೆಣ್ಣು ಮಗು. ಎರಡು ತಿಂಗಳು ಮೊದಲೇ ಬಂದದ್ದು, ಒಂದೂವರೆ ಕಿಲೋ ಕೂಡ ಇಲ್ಲದ್ದು. ಅಳುವಿನ ಸದ್ದು ಬೆಕ್ಕಿನ ಮರಿಯದ್ದರ ಹಾಗೆ. ಗಾಜಿನ ಪೆಟ್ಟಿಗೆಯೊಳಗೆ ಹಾಕಿ ಬೇರೆ ಮಹಡಿಗೆ ಒಯ್ದರು. ಓಸ್ಮೋ ಯಾರ ಹಿಂದೆ ಓಡಬೇಕೆಂದು ತಿಳಿಯದೆ ಲಿಫ್ಟಿನ ಮುಂದೆ ನಿಂತಿದ್ದ.

"ಮಗು ಹಿಂದೆ ಹೋಗು," ಅಂದಳು ಇರ್ಯಾ. "ನನ್ನ ಮಗಳ ಹತ್ರ ನಾನಿರ್ತೀನಿ."

ಮರುದಿನ ಹೆಲ್ಕಾ ಮಗುವನ್ನು ನೋಡಬೇಕು ಅಂದಳು. ಬಿಪಿ ಇಳಿಯಲಿ, ಆಮೇಲೆ ಅಂದಳು ನರ್ಸು.

"ಅವಳನ್ನ ನೋಡಿದ್ಮೇಲೇ ಇಳಿಯೋದು ಅದು."

ನರ್ಸು ಇರ್ಯಾಳ ಕಡೆ ನೋಡಿದಳು, ಬುದ್ಧಿ ಹೇಳಿ ಅನ್ನುವ ಹಾಗೆ. ಇರ್ಯಾ ಭುಜ ಕುಣಿಸಿದಳು. "ನನ್ನನ್ನ ನೋಡಿ ಪ್ರಯೋಜನ ಇಲ್ಲಮ್ಮ. ಸೆಪ್ಟೆಂಬರಿಂದ ಹೇಳ್ತಿದೀನಿ, ಒಂದು ಮಾತೂ ಕೇಳಿಲ್ಲ ಇವಳು."

ಡಾಕ್ಟರನ್ನು ಕೇಳಿ ಬಂದು, ಮಂಚದ ಸಮೇತ ತಳ್ಳಿಕೊಂಡು ಹೋದರು. ಗಾಜಿನ ತೂತಿನೊಳಗೆ ಹೆಲ್ಕಾ ಬೆರಳು ಚಾಚಿದಳು. ಮಗು ಅದನ್ನು ಹಿಡಿಯಿತು. ಬಿಪಿ ಇಳಿಯಲು ಮಾತ್ರ ಇನ್ನೂ ಒಂದು ವಾರ ಹಿಡಿಯಿತು.

ಕಿಡ್ನಿಯ ಡಾಕ್ಟರು ಮನೆಗೆ ಕಳಿಸುವ ಮೊದಲು ಬಂದು ಕೂತು ಮುಚ್ಚುಮರೆಯಿಲ್ಲದೆ ಹೇಳಿದರು. ಬಸಿರಿಗೆ ಮೊದಲು ಇದ್ದ ಶಕ್ತಿಯಲ್ಲಿ ಅರ್ಧ ಹೋಗಿದೆ, ಅದು ಮರಳುವ ಹಾಗೆ ಕಾಣುತ್ತಿಲ್ಲ. ವರ್ಷವೋ, ಎರಡು ವರ್ಷವೋ, ಡಯಾಲಿಸಿಸ್ಸಿಗೆ ಸಿದ್ಧವಾಗಬೇಕು. ಬೇರೆಯವರ ಕಿಡ್ನಿ ಕಸಿಗೆ ಹೆಸರು ಬರೆಸುವುದನ್ನೂ ಈಗಲೇ ಶುರು ಮಾಡಬಹುದು.

"ಪಶ್ಚಾತ್ತಾಪ ಆಗ್ತಿದೆಯಾ?" ಹೊರಗೆ ಬಂದ ಮೇಲೆ ಇರ್ಯಾ ಕೇಳಿದಳು. ಚುಚ್ಚುವುದಕ್ಕೆ ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ಕಿಡ್ನಿ ಹೋದದ್ದಕ್ಕೆ ಅಳು ಬರ್ತಿದೆ. ಅತ್ತುಬಿಡ್ತೀನಿ ಒಂದಿನ," ಅಂದಳು ಹೆಲ್ಕಾ. "ಪಶ್ಚಾತ್ತಾಪ ಅದು ಬೇರೆ. ಅದಿಲ್ಲ."

ಇರ್ಯಾ ತಲೆಯಾಡಿಸಿದಳು. ತೌನೊನ ವಿಷಯದಲ್ಲಿ ಯಾರಾದರೂ ಕೇಳಿದ್ದರೆ ತಾನೂ ಇದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು.

ಮಗು ಏಪ್ರಿಲ್‌ನಲ್ಲಿ ಮನೆಗೆ ಬಂತು. ಹೆಸರಿಡುವ ದಿನ ಮೇ ತಿಂಗಳ ಕೊನೆಗೆ. ಪಾದ್ರಿ ಬಂದರು, ಅಕ್ಕಪಕ್ಕದವರು ಬಂದರು, ಎಸ್ಕೋ ತನ್ನ ಬಿಡುವಿನ ದಿನ ಹೊಗೆಯಾಡಿಸಿದ ಮೀನು ತಂದ, ಈ ಸಲ ತೋರಿಸಿದಷ್ಟೇ ಉದ್ದದ್ದು. ಲೆಂಪಿಯ ಮಡಿಲಲ್ಲಿ ಮಲಗಿದ್ದ ಮಗುವಿಗೆ ಇಂಕೆರಿ ಎಂದು ಹೆಸರಾಯಿತು. ಆಮೇಲೆ ಕಾಫಿ, ಅಕ್ಕಿ ತುಂಬಿದ ರೈ ಕಡುಬು, ಕೆನೆ ಹಚ್ಚಿದ ಕೇಕು. ಇರ್ಯಾಳ ಅಕ್ಕ ಸಿರ್ಕಾ ಕಯಾನಿ ಪಟ್ಟಣದಿಂದ ಬಂದಿದ್ದಳು. ಚಳಿಗಾಲದಲ್ಲಿ ಒಮ್ಮೆಯೂ ಫೋನು ಮಾಡದವಳು. ಮಗುವಿನ ಕೆನ್ನೆ ಮುಟ್ಟಿ, ಕಾಫಿ ಹೀರಿ, ಎಲ್ಲರಿಗೂ ಕೇಳುವ ಹಾಗೆ ಶುರು ಮಾಡಿದಳು.

"ಮುದ್ದಾಗಿದೆ ಮಗು. ಆದ್ರೂ ಹೆಲ್ಕಾ, ತಪ್ಪು ತಿಳ್ಕೋಬೇಡ, ಒಂದು ಮಾತು ಹೇಳ್ತೀನಿ. ನಿನ್ನಂಥ ಆರೋಗ್ಯದೋರು ಇಂಥದ್ದಕ್ಕೆ ಕೈ ಹಾಕೋ ಮೊದ್ಲು ಯೋಚ್ನೆ ಮಾಡ್ಬೇಕಿತ್ತು. ನಾಳೆ ನೀನು ಮಲಗಿದ್ರೆ ಇದರ ಗತಿ ಏನು? ಇದಕ್ಕೂ ಆ ಕಾಯಿಲೆ ಬಂದ್ರೆ?"

ಪಾದ್ರಿ ತಮ್ಮ ಬಟ್ಟಲಿನೊಳಗೆ ನೋಡಿದರು. ಹೆಲ್ಕಾ ಬಾಯಿ ತೆರೆದಳು. ಅಷ್ಟರಲ್ಲಿ ಇರ್ಯಾ ಕಾಫಿಯ ಹೂಜಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಸಿರ್ಕಾ, ಆ ಮಾತೆಲ್ಲ ಈ ಮನೇಲಿ ಆಡಿ ಆಗಿದೆ. ನಿನಗಿಂತ ಜೋರಾಗಿ ಆಡಿದೀನಿ, ನಿನಗಿಂತ ಕೆಟ್ಟದಾಗಿ ಆಡಿದೀನಿ. ಈ ದಾರೀಲಿ ಕಾರು ಓಡಿಸ್ದೋಳು ನಾನು, ಮುಂದೆಯೂ ಓಡಿಸೋಳು ನಾನು. ಆಡೋ ಹಕ್ಕು ನನಗಿತ್ತು. ನಿನಗಿಲ್ಲ. ಮಗುಗೆ ಆ ಕಾಯಿಲೆ ಬಂದ್ರೆ ಚುಚ್ಚೋಕೆ ಗೊತ್ತಿರೋರು ಈ ಮನೇಲಿ ನಾಲ್ಕು ಜನ ಇದೀವಿ. ಕೇಕ್ ಬೇಕಿದ್ರೆ ತಟ್ಟೆ ಕೊಡು. ಬೇಡದಿದ್ರೆ ನಿನ್ ಕೋಟು ಬಾಗಿಲ ಹಿಂದೆ ಇದೆ."

ಸಿರ್ಕಾ ಬಾಗಿಲ ಕಡೆ ನೋಡಿದಳು. ಓಸ್ಮೋ ದಾರಿ ಬಿಟ್ಟು ಸರಿದು ನಿಂತ, ತುಂಬಾ ಮರ್ಯಾದೆಯಿಂದ. ಲೆಂಪಿ ಮಗುವಿನ ಟೋಪಿ ಸರಿಪಡಿಸುತ್ತಿದ್ದಳು. ಕೊನೆಗೆ ಸಿರ್ಕಾ ತಟ್ಟೆಯನ್ನು ಮುಂದಕ್ಕೆ ಸರಿಸಿದಳು.

"ಸಣ್ಣ ತುಂಡು ಸಾಕು," ಅಂದಳು ಮೆಲ್ಲಗೆ.

"ಸಣ್ಣದಾಗಿ ಕುಯ್ಯೋಕೆ ನನಗೆ ಬರಲ್ಲ," ಅಂದಳು ಇರ್ಯಾ, ಚಾಕು ಎತ್ತಿಕೊಂಡು.